ಹಾಸಿನ ಮೇಲಿನ ಹಸಿ ಜೋಳ

ಪೂಜ್ಯ ಅಡವಯ್ಯ ಅಜ್ಜನವರ ದರ್ಶನ ಬಯಸಿ ದಾರಿಬದಿಯ ಊರುಗಳಲ್ಲಿ ಕಾದು ನಿಂತ ಜನ ಸಾಮಾನ್ಯವಾಗಿ ತಪ್ಪು ಕಡೆ ನೋಡುತ್ತಿದ್ದರು. ಕಾಲ್ನಡಿಗೆಯ ಪರಿಷೆಯ ಮುಂಭಾಗ ಬಂತೆಂದರೆ ಹೂವು ಹಿಡಿದು ಓಡುತ್ತಿದ್ದರು. ಅಲ್ಲಿ ಸಿಂಗರಿಸಿ ಹೆಗಲ ಮೇಲೆ ಹೊತ್ತ ಮಲ್ಲಯ್ಯನ ಕಂಬಿ ಇರುತ್ತಿತ್ತು, ಕರಡಿ ಮಜಲಿನ ವಾದ್ಯದ ಸದ್ದಿರುತ್ತಿತ್ತು, ಪಟಗ ಸುತ್ತಿದ ಹಿರಿಯರಿರುತ್ತಿದ್ದರು. ಅಜ್ಜನವರು ಮಾತ್ರ ಇರುತ್ತಿರಲಿಲ್ಲ. ಅವರನ್ನು ಕಾಣಬೇಕಾದರೆ ಎಲ್ಲರೂ ದಾಟಿಹೋಗಿ, ಎದ್ದ ಧೂಳು ಕುಳಿತು, ಇನ್ನು ಯಾರೂ ಬರುವುದಿಲ್ಲ ಎನ್ನಿಸುವ ತನಕ ಕಾಯಬೇಕಿತ್ತು. ಆಗ ಅಂಗಾಲಿಗೆ ಬೊಕ್ಕೆ ಎದ್ದವರು, ಮಂಡಿ ನೋವಿನವರು, ವಯಸ್ಸಾದ ತಾಯಂದಿರು ಕುಂಟುತ್ತ ಬರುತ್ತಿದ್ದರು. ಅವರ ನಡುವೆ ಯಾರದೋ ಗಂಟನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಅಜ್ಜನವರು ಬರುತ್ತಿದ್ದರು. ಹೂವು ಹಿಡಿದು ಕಾದವರು ಅವರನ್ನೇ ತಡೆದು ಅಜ್ಜಾರು ಎಲ್ಲಿ ಎಂದು ಕೇಳಿದ್ದೂ ಉಂಟು. ಅಜ್ಜನವರು ನಕ್ಕು, ಆ ಹೂವನ್ನು ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಮುದುಕಿಯ ಕೈಗೆ ಕೊಡಿಸಿ ಮುಂದೆ ನಡೆಯುತ್ತಿದ್ದರಂತೆ.

ಕೃಷ್ಣೆಯ ದಡದ ಹೊಳೆಬಾಗಿಲ ಮಠ ಅಜ್ಜನವರ ಸ್ಥಾನ. ಪ್ರತಿ ವರ್ಷ ಯುಗಾದಿಗೆ ಮುಂಚೆ ಅಲ್ಲಿಂದ ಶ್ರೀಶೈಲಕ್ಕೆ ಪರಿಷೆ ಹೊರಡುತ್ತಿತ್ತು. ಶ್ರೀಶೈಲವೆಂದರೆ ನಮ್ಮ ಕಡೆಯವರಿಗೆ ಬರಿಯ ಕ್ಷೇತ್ರವಲ್ಲ. ಅಲ್ಲಿಯ ತಾಯಿ ಭ್ರಮರಾಂಬೆ ನಮ್ಮ ನಾಡಿನ ಮಗಳು, ಮಲ್ಲಯ್ಯ ನಮಗೆ ಅಳಿಯ. ಹಾಗಾಗಿ ನಮ್ಮವರು ದೇವರ ಹತ್ತಿರ ಭಯದಿಂದ ಹೋಗುವುದಿಲ್ಲ, ಮಗಳ ಮನೆಗೆ ಹೋದಂತೆ ಸಲಿಗೆಯಿಂದ ಹೋಗುತ್ತಾರೆ. ಕಾಡಿನ ಕಲ್ಲು ಕಾಲಿಗೆ ಚುಚ್ಚಿದಾಗ, ಊರು-ಕೇರಿ ಬಿಟ್ಟು ಈ ಅಡವಿಯಲ್ಲಿ ಮನೆ ಮಾಡಿದ್ದಾನಲ್ಲ ಎಂದು ಅಳಿಯನನ್ನು ಬಾಯಿ ತುಂಬ ಬೈಯುತ್ತಾರೆ. ಬೈದು ಮುಗಿಸಿ ಅವನ ಹೆಸರಿನಲ್ಲೇ ಮುಂದಿನ ಹೆಜ್ಜೆ ಇಡುತ್ತಾರೆ.

ಅಜ್ಜನವರ ಪರಿಷೆಯಲ್ಲಿ ಊಟದ್ದೊಂದು ಪದ್ಧತಿ ಇತ್ತು. ಅದು ಬೇರೆಲ್ಲೂ ಇರಲಿಲ್ಲ. ಮಧ್ಯಾಹ್ನ ನೆರಳು ಸಿಕ್ಕ ಕಡೆ ಧೋತರಗಳನ್ನು ಜೋಡಿಸಿ ಹೊಲಿದ ಉದ್ದನೆಯ ಬಿಳಿ ಬಟ್ಟೆಯನ್ನು ಬಿಚ್ಚುತ್ತಿದ್ದರು. ಅದಕ್ಕೆ ‘ಹಾಸು’ ಎಂದೇ ಹೆಸರು. ಪ್ರತಿಯೊಬ್ಬರೂ ತಮ್ಮ ಬುತ್ತಿಯ ಗಂಟು ಬಿಚ್ಚಿ ಅದರ ಮೇಲೆ ಇಡಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮಾದಲಿ, ಉಳ್ಳಾಗಡ್ಡಿ, ಯಾರಾದರೂ ಊರವರು ಕೊಟ್ಟ ಮಜ್ಜಿಗೆ, ಎಲ್ಲವೂ ಒಂದೇ ಕಡೆ. ಕಟ್ಟಳೆ ಮೂರೇ. ತಾನು ತಂದದ್ದನ್ನು ತಾನು ಉಣ್ಣುವಂತಿಲ್ಲ. ಹಾಸಿನ ಮೇಲೆ ಬಿದ್ದದ್ದು ಒಂದು ಚೂರೂ ಉಳಿಯುವಂತಿಲ್ಲ. ಗೌಡರ ಮನೆಯ ಹೋಳಿಗೆ ಕೂಲಿಯವರ ಕೈ ಸೇರುತ್ತಿತ್ತು, ಕೂಲಿಯವರ ಸಜ್ಜೆ ರೊಟ್ಟಿ ಗೌಡರ ಹಲ್ಲಿಗೆ ಸಿಗುತ್ತಿತ್ತು. ಮೂರನೆಯದು, ಕೊನೆಯವರು ಬಂದು ಕೂರುವ ತನಕ ಯಾರೂ ಕೈ ಹಚ್ಚುವಂತಿರಲಿಲ್ಲ. ಕೊನೆಯವರ ಜೊತೆ ಅಜ್ಜನವರೇ ಇರುತ್ತಿದ್ದುದರಿಂದ ಆ ಬಗ್ಗೆ ತಕರಾರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮೊದಲ ದಿನ ಬಿರುಸಾಗಿ ನಡೆದು ಮರದಡಿ ಹಸಿದು ಕೂತ ತರುಣರು ಮರುದಿನ ತಾವಾಗಿಯೇ ಹಿಂದೆ ಉಳಿದು ಮುದುಕರ ಗಂಟು ಹೊರುತ್ತಿದ್ದರು.

ಹೀಗೆ ನಡೆಯುತ್ತಿದ್ದ ಒಂದು ವರ್ಷ, ಹೊಳೆ ದಾಟುವಲ್ಲಿ ಒಬ್ಬ ತಾಯಿ ಬಂದು ಪರಿಷೆ ಕೂಡಿಕೊಂಡಳು. ಹೆಸರು ದುಂಡವ್ವ. ಗಟ್ಟಿಮುಟ್ಟಾದ ಮೈ, ಅಗಲವಾದ ಅಂಗೈ, ಯಾರನ್ನೂ ಎದುರಿಗೆ ನೋಡದ ಕಣ್ಣು. ಹೆಗಲಲ್ಲಿ ಒಂದು ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಮಧ್ಯಾಹ್ನ ಹಾಸು ಬಿಚ್ಚಿದಾಗ ಎಲ್ಲರೂ ಬುತ್ತಿ ಇಟ್ಟರು. ದುಂಡವ್ವ ಚೀಲದಿಂದ ಒಂದು ಹಿಡಿ ಹಸಿ ಜೋಳ ತೆಗೆದು ಹಾಸಿನ ಮೂಲೆಯಲ್ಲಿ ಸುರಿದು ದೂರ ಹೋಗಿ ಕೂತಳು.

ಸುತ್ತ ಗುಸುಗುಸು ಶುರುವಾಯಿತು. ಕಂಬಿಯ ಉಸ್ತುವಾರಿ ನೋಡುತ್ತಿದ್ದ ಶಿವನಗೌಡರು ನೇರ ಮಾತಿನವರು. ಹಕ್ಕಿಗಳಿಗೆ ಹಾಕುವುದಿದ್ದರೆ ಆ ಕಡೆ ಬಯಲಿದೆ ಎಂದರು. ಆಕೆ ತಲೆ ಎತ್ತದೆ ಹೇಳಿದಳು.

“ಇದು ಬೆಂಕಿ ಮುಟ್ಟಿಲ್ರಿ. ನಾ ಬೇಸಿದ್ದು ಯಾರೂ ಉಣ್ಣಬಾರದು.”

ಅಜ್ಜನವರು ಆಗಷ್ಟೇ ಬಂದು ಒಬ್ಬರ ಅಂಗಾಲಿನ ಮುಳ್ಳು ತೆಗೆಯುತ್ತಿದ್ದರು. ಕೈ ತೊಳೆದು ಬಂದರು. ಹಾಸಿನ ಮೂಲೆಯ ಜೋಳವನ್ನು ಒಂದು ಕಾಳೂ ಬಿಡದಂತೆ ಅಂಗೈಗೆ ಬಳಿದುಕೊಂಡು, ಲಿಂಗಕ್ಕೆ ತೋರಿಸಿ, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಹಾಸಿನ ಮೇಲೆ ಬಿದ್ದದ್ದು ಉಳಿಯಬಾರದೆಂಬ ಕಟ್ಟಳೆ ಮಾಡಿದವರೇ ಅವರು. ಅವರ ಬಾಯಲ್ಲಿ ಆಗಲೇ ಹಲ್ಲು ಕಡಿಮೆ ಇದ್ದವು. ಊಟ ಮುಗಿಸಿ ಎಲ್ಲರೂ ಎದ್ದರೂ ಅಜ್ಜನವರು ಇನ್ನೂ ಅಗಿಯುತ್ತಲೇ ಇದ್ದರು. ಮಧ್ಯಾಹ್ನದ ಊಟಕ್ಕೆ ಅವರು ಬೇರೇನನ್ನೂ ಮುಟ್ಟಲಿಲ್ಲ.

ದುಂಡವ್ವ ಯಾರು, ಯಾಕೆ ಹೀಗೆ ಎಂಬುದು ದಾರಿ ಸಾಗಿದಂತೆ ತಿಳಿಯಿತು. ನಡೆಯುವ ದಾರಿಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಅವಳ ಪಕ್ಕದ ಊರಿನ ಸಂಕವ್ವ ಎಂಬಾಕೆ ಪರಿಷೆಯಲ್ಲಿದ್ದಳು. ದುಂಡವ್ವನ ಕೈಗುಣ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿತ್ತು ಎಂದು ಅವಳೇ ಹೇಳಿದಳು. ಮದುವೆಯಿರಲಿ, ತೊಟ್ಟಿಲ ಶಾಸ್ತ್ರವಿರಲಿ, ಒಲೆಯ ಮುಂದೆ ದುಂಡವ್ವ ಕೂತಳೆಂದರೆ ಮನೆಯವರು ನಿಶ್ಚಿಂತೆ. ಅಂಥವಳ ಒಬ್ಬಳೇ ಮಗಳು ನೀಲವ್ವ ಚೊಚ್ಚಲ ಬಸುರಿಯಾದಳು. ತವರಿನವರು ಸೀರೆ-ಕುಬಸದ ಜೊತೆ ಬಗೆಬಗೆಯ ಬುತ್ತಿ ಒಯ್ದು ಬಸುರಿಗೂ ಬೀಗರಿಗೂ ಉಣಿಸುವ ಕುಬಸದ ಶಾಸ್ತ್ರ ನಮ್ಮ ಕಡೆ ಇದೆ. ದುಂಡವ್ವ ವಾರವೆಲ್ಲ ದುಡಿದಳು. ಕೊನೆಗೆ ಹೊರಡುವ ಹಿಂದಿನ ದಿನ ಮೊಸರು ಬುತ್ತಿ ಕಲಸಿದಳು. ಕಲಸಿದ್ದು ಅಜ್ಜಿಯ ಕಾಲದ ದೊಡ್ಡ ಹಿತ್ತಾಳೆ ಕೊಳಗದಲ್ಲಿ. ಆ ವರ್ಷ ಪಾತ್ರೆಯ ಒಳಮೈಗೆ ತವರ ಬಳಿಯುವ ಕಲಾಯಿಯವನು ಊರಿಗೆ ಬಂದಿರಲಿಲ್ಲ. ಕೊಳಗದ ತಳದಲ್ಲಿ ಕಲಾಯಿ ಸವೆದು ಹಳದಿ ಕಂಡದ್ದನ್ನು ಅವಳು ನೋಡಿದ್ದಳು. ಒಂದು ರಾತ್ರಿಗೆ ಏನಾದೀತು ಎಂದುಕೊಂಡಳು. ಮಗಳ ಮನೆಗೆ ಒಯ್ಯುವಾಗ ದೊಡ್ಡ ಪಾತ್ರೆ ತುಂಬಿರಬೇಕೆಂಬ ಆಸೆ.

ಹುಳಿ ಮೊಸರು ಹಿತ್ತಾಳೆಯಲ್ಲಿ ರಾತ್ರಿ ಕಳೆದು, ಬಿಸಿಲಲ್ಲಿ ಬಂಡಿಯ ಮೇಲೆ ಹೊರಟು, ಕಿಲುಬು ಬಿಟ್ಟಿತ್ತು. ಉಂಡವರೆಲ್ಲ ವಾಂತಿ ಮಾಡಿಕೊಂಡು ಮಲಗಿದರು. ನೀಲವ್ವನಿಗೆ ಆ ದಿನ ಬಸುರಿನ ಸಂಕಟ, ಮೊಸರಿನ ವಾಸನೆ ಸೇರದೆ ಅವಳು ಬುತ್ತಿ ಮುಟ್ಟಿರಲಿಲ್ಲ. ಉಳಿದವರು ಒಂದೆರಡು ದಿನದಲ್ಲಿ ಎದ್ದು ಕೂತರು. ನೀಲವ್ವನ ಅತ್ತೆ ಮಾತ್ರ ಏಳಲಿಲ್ಲ. ಆಕೆಗೆ ವಯಸ್ಸಾಗಿತ್ತು, ಮೊದಲೇ ಮೈಯಲ್ಲಿ ಆರಾಮ ಇರಲಿಲ್ಲ ಎಂದು ಕೆಲವರು ಅಂದರು. ದುಂಡವ್ವ ಆ ಮಾತಿಗೆ ಕಿವಿಗೊಡಲಿಲ್ಲ. ಮನೆಗೆ ಬಂದು ಒಲೆಗೆ ನೀರು ಹುಯ್ದಳು. ಅಂದಿನಿಂದ ಹಿಟ್ಟು ಮುಟ್ಟಲಿಲ್ಲ, ಮಗಳ ಊರಿನ ದಾರಿ ತುಳಿಯಲಿಲ್ಲ. ಹುಟ್ಟಿದ ಮೊಮ್ಮಗಳು ಓಡಾಡುವಷ್ಟು ದೊಡ್ಡವಳಾದರೂ ಇವಳು ಮುಖ ನೋಡಿರಲಿಲ್ಲ. ಮಗಳು ಹೇಳಿ ಕಳಿಸಿದಾಗಲೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಹೇಳಿ ಸಂಕವ್ವ ಕೊನೆಗೆ ದನಿ ಇಳಿಸಿದಳಂತೆ. ಬರುವಾಗ ತನ್ನನ್ನು ಕಾಯಬೇಡಿ, ತಾನು ತಿರುಗಿ ಬರುವವಳಲ್ಲ ಎಂದು ದುಂಡವ್ವ ಅವಳಿಗೆ ಹೇಳಿದ್ದಳು. ಬೆಟ್ಟದ ಮೇಲೆ ಯಾವುದಾದರೂ ಮಠದ ಬಾಗಿಲಲ್ಲಿ ಕೈಯೊಡ್ಡಿ ಉಂಡು, ಮಲ್ಲಯ್ಯ ಕರೆಯುವ ತನಕ ಬಿದ್ದಿರುವುದು ಅವಳ ನಿರ್ಧಾರ.

ಈ ವಿಷಯ ಅಜ್ಜನವರ ಕಿವಿಗೂ ಬಿತ್ತು. ಅವರು ಉಪದೇಶ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಿನವೂ ಮಧ್ಯಾಹ್ನ ದುಂಡವ್ವ ಒಂದು ಹಿಡಿ ಹಸಿ ಜೋಳ ಸುರಿಯುತ್ತಿದ್ದಳು, ಅಜ್ಜನವರು ಅದನ್ನು ಬಳಿದುಕೊಂಡು ಅಗಿಯುತ್ತಿದ್ದರು. ತರುಣರು ತಾವು ತಿನ್ನುತ್ತೇವೆಂದು ಮುಂದೆ ಬಂದರು. ಅಜ್ಜನವರು ನಿಮ್ಮ ಪಾಲು ರೊಟ್ಟಿ ಎಂದು ಕೈ ಸರಿಸಿದರು. ದುಂಡವ್ವನಿಗೆ ಇದು ನೋಡಲಾಗುತ್ತಿರಲಿಲ್ಲ. ಒಂದು ದಿನ ಏನೂ ಸುರಿಯದೆ ಸುಮ್ಮನೆ ಕೂತಳು. ಅಂದು ಅಜ್ಜನವರು ಆ ಖಾಲಿ ಮೂಲೆಯ ಮುಂದೆ ಬಂದು ಕೂತರು, ಖಾಲಿ ಹೊಟ್ಟೆಯಲ್ಲೇ ಎದ್ದರು. ಮರುದಿನ ಅವಳು ಮತ್ತೆ ಜೋಳ ಸುರಿದಳು.

ಸಂಜೆಯ ತಂಗುದಾಣದಲ್ಲಿ ಹೆಂಗಸರು ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದರು. ದುಂಡವ್ವ ಉರುವಲು ಆರಿಸಿ ತಂದು ಹಾಕುತ್ತಿದ್ದಳು, ಒಲೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ದೂರ ಕೂತು ನೋಡುತ್ತಿದ್ದಳು. ಅಲ್ಲಿ ರೊಟ್ಟಿ ಬಡಿಯುವ ಸದ್ದು ಎದ್ದಂತೆ ಇಲ್ಲಿ ಇವಳ ಅಂಗೈ ತೊಡೆಯ ಮೇಲೆ ತಾನಾಗಿ ಬಡಿದುಕೊಳ್ಳುತ್ತಿತ್ತು. ಯಾರದಾದರೂ ರೊಟ್ಟಿ ಹೆಂಚಿನ ಮೇಲೆ ಸೀಯತೊಡಗಿದರೆ ತಿರುವಲು ಇವಳ ಕೈ ಮೇಲೇಳುತ್ತಿತ್ತು. ಅಜ್ಜನವರು ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತ ಇದನ್ನೆಲ್ಲ ನೋಡುತ್ತಿದ್ದರು. ಪಾತ್ರೆ ತಿಕ್ಕುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಆತ್ಮಕೂರು ದಾಟಿದ ಮೇಲೆ ನಲ್ಲಮಲೆಯ ಕಾಡು. ನೆರಳು ತೆಳು, ನೀರು ದೂರ, ಕಲ್ಲು ಕಾದ ಹೆಂಚು. ನಾಗಲೂಟಿಯ ಗುಡಿಯ ಹತ್ತಿರ ತಂಗಿ ಮರುದಿನ ಬೆಳಿಗ್ಗೆ ಹೊರಡುವಾಗ ಅಜ್ಜನವರು ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು ಗುಡಿಯ ಕಟ್ಟೆಯ ಮೇಲೆ ಮುದುಡಿ ಮಲಗಿದ್ದರು. ಮುಖ ಕಂದಿತ್ತು. ಪರಿಷೆಗೆ ಪರಿಷೆಯೇ ದಿಗಿಲುಬಿದ್ದಿತು. ಶಿವನಗೌಡರ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಹಸಿ ಜೋಳ ತಿನ್ನಿಸಿ ಅಜ್ಜಾರನ್ನು ಈ ಸ್ಥಿತಿಗೆ ತಂದಿಟ್ಟಳು, ಅವಳ ಕೈಯೇ ಅಂಥದ್ದು ಎಂದು ಎಲ್ಲರೆದುರು ಅಂದುಬಿಟ್ಟರು.

ಬೆಂಕಿ ಮುಟ್ಟಿಸದ ಕಾಳೂ ತನ್ನ ಕೈಯಿಂದ ಹೋದರೆ ವಿಷವಾಗುತ್ತದೆಂದು ದುಂಡವ್ವನಿಗೆ ಖಾತ್ರಿಯಾಗಿತ್ತು. ಚೀಲವನ್ನು ಅಲ್ಲೇ ಇಟ್ಟು, ದಾರಿ ಬಿಟ್ಟು, ಕಾಡಿನ ಕಡೆಗೆ ಹೆಜ್ಜೆ ಹಾಕಿದಳು. ಆ ಕಾಡಿನಲ್ಲಿ ಒಬ್ಬಳೇ ಹೋದವಳು ಏನಾಗುತ್ತಾಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅಜ್ಜನವರು ಮಲಗಿದಲ್ಲಿಂದಲೇ ಕರೆದರು. ದನಿ ಸಣ್ಣಗಿತ್ತು.

“ಯವ್ವಾ, ಹೊಟ್ಟಿ ಕೆಟ್ಟದ್ದು ನಿನ್ನ ಕೈಯಿಂದ ಅಲ್ಲ. ಕಾಳು ಹಸಿ ಇತ್ತು. ಬೇಸಿ ಹಾಕಿದ್ದರ ಕೆಡತಿದ್ದಿಲ್ಲ.”

ದುಂಡವ್ವ ನಿಂತಳು. ತಿರುಗಿ ನೋಡಲಿಲ್ಲ.

“ಹಸಿವಾಗೈತಿ,” ಎಂದರು ಅಜ್ಜನವರು.

ಆ ಒಂದು ಮಾತು ಅವಳನ್ನು ಹಿಂದಕ್ಕೆ ಎಳೆದು ತಂದಿತು. ಇಡೀ ಬದುಕನ್ನು ಒಲೆಯ ಮುಂದೆ ಕಳೆದ ಹೆಂಗಸಿಗೆ, ಹಸಿದವರು ಬಾಯಿಬಿಟ್ಟು ಕೇಳಿದ ಮೇಲೆ, ಎತ್ತಿದ ಹೆಜ್ಜೆಯನ್ನು ಮುಂದಿಡಲು ಹೇಗೆ ಸಾಧ್ಯವಾದೀತು? ತಿರುಗಿ ಬಂದಳು. ಚೀಲದ ಜೋಳವನ್ನು ಚಪ್ಪಡಿಯ ಮೇಲೆ ಹಾಕಿ ಗುಂಡುಕಲ್ಲಿನಿಂದ ಒಡೆದು ನುಚ್ಚು ಮಾಡಿದಳು. ಸಂಕವ್ವ ಒಂದು ಮಣ್ಣಿನ ಗಡಿಗೆ ಕೊಟ್ಟಳು. ದುಂಡವ್ವ ಅದನ್ನು ಬಿಸಿಲಿಗೆ ಹಿಡಿದು ಒಳಗೆಲ್ಲ ಬೆರಳಾಡಿಸಿ ನೋಡಿದಳು, ತೊಳೆದು ಮತ್ತೆ ನೋಡಿದಳು. ನೀರು ಮರಳಿತು, ನುಚ್ಚು ಬಿದ್ದಿತು, ಕಾಡಿನ ಗಾಳಿಯಲ್ಲಿ ಅಂಬಲಿಯ ಪರಿಮಳ ಹರಡಿತು. ಹೊರಡಲು ಸಿದ್ಧವಾಗಿದ್ದವರೆಲ್ಲ ಗಂಟು ಇಳಿಸಿ ಕೂತರು.

ಬಟ್ಟಲಿಗೆ ಬಗ್ಗಿಸಿದ ಮೇಲೆ ಅವಳು ಕೊಡಲಿಲ್ಲ. ಮೊದಲು ತಾನು ಕುಡಿಯುತ್ತೇನೆ, ಸಂಜೆಯ ತನಕ ತನಗೇನೂ ಆಗದಿದ್ದರೆ ಅಜ್ಜಾರು ಕುಡಿಯಲಿ ಎಂದು ಬೇಡಿಕೊಂಡಳು. ಅಜ್ಜನವರು ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ಹಸಿವು ಸಂಜೆಯ ತನಕ ತಡೆಯುವುದಿಲ್ಲ ಎಂದರು. ಕಣ್ಣು ಮುಚ್ಚಿ ಲಿಂಗವನ್ನು ನೆನೆದು ಗುಟುಕು ಗುಟುಕಾಗಿ ಕುಡಿದು ಮುಗಿಸಿದರು. ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ತಲೆ ಬಾಗಿಸಿದರು. ಉಣಿಸಿದವರಿಗೆ ಹಾಗೆ ಬಾಗುವುದು ಅವರ ರೂಢಿ. ಗೌಡತಿಯಿರಲಿ, ಭಿಕ್ಷೆ ಬೇಡುವವರಿರಲಿ, ಅವರ ಕೃತಜ್ಞತೆಯಲ್ಲಿ ವ್ಯತ್ಯಾಸವಿರಲಿಲ್ಲ.

ಅಂದು ದುಂಡವ್ವ ಕಟ್ಟೆಯ ಕೆಳಗೆ ಕೂತು ಅಜ್ಜನವರ ಮುಖವನ್ನೇ ನೋಡುತ್ತಿದ್ದಳು. ಅವರು ಹೊರಳಿದರೆ ಇವಳು ಎದ್ದು ನಿಲ್ಲುತ್ತಿದ್ದಳು. ಹೊತ್ತು ಇಳಿಯುವಷ್ಟರಲ್ಲಿ ಅಜ್ಜನವರು ಎದ್ದು ಕೂತು ಇನ್ನೊಂದು ಬಟ್ಟಲು ಕೇಳಿದರು. ಆಗ ಅವಳು ಅತ್ತಳು. ಬೀಗತಿ ತೀರಿದ ದಿನ ಒಳಗೆ ಉಳಿದ ಅಳುವೂ ಅದರಲ್ಲಿ ಸೇರಿತ್ತೆಂದು ಸಂಕವ್ವ ಹೇಳುತ್ತಿದ್ದಳು. ಶಿವನಗೌಡರು ಹತ್ತಿರ ಬಂದು, ತಮಗೂ ಒಂದು ಬಟ್ಟಲು ಅಂಬಲಿ ಕೊಡು ಎಂದರು. ಅದೇ ಅವರ ಕ್ಷಮೆ ಕೇಳುವ ರೀತಿ.

ಮರುದಿನ ಪರಿಷೆ ಹೊರಟಿತು. ಭೀಮನಕೊಳ್ಳ ಇಳಿದು ಹತ್ತಿ, ಅಳಿಯನನ್ನು ಬೇಕಾದಷ್ಟು ಬೈದು, ಬೆಟ್ಟ ಸೇರಿದರು. ತಾಯಿ ಭ್ರಮರಾಂಬೆಗೆ ತವರಿನ ಬುತ್ತಿ ಒಪ್ಪಿಸುವ ದಿನ ಈ ಪರಿಷೆಯ ಹೆಂಗಸರು ತಮ್ಮ ಕೈಯಾರೆ ಏನಾದರೊಂದು ಮಾಡುತ್ತಿದ್ದರು. ದುಂಡವ್ವ ರೊಟ್ಟಿ ಬಡಿದಳು. ಅವಳ ರೊಟ್ಟಿ ಕಾಗದದಷ್ಟು ತೆಳುವಾಗಿ, ಹೆಂಚಿನ ಮೇಲೆ ಉಬ್ಬಿ ಬಂದಾಗ ಉಳಿದವರು ತಮ್ಮ ಕೈ ನಿಲ್ಲಿಸಿ ನೋಡಿದರು. ತಾಯಿಯ ಮುಂದೆ ಅದನ್ನಿಟ್ಟು ಅವಳು ಕೈ ಮುಗಿದಳು.

ಹೊರಗೆ ಬಂದಾಗ ಅಜ್ಜನವರು ಪ್ರಾಕಾರದ ನೆರಳಿನಲ್ಲಿ ಕೂತಿದ್ದರು. ದುಂಡವ್ವ ನಮಸ್ಕರಿಸಿ, ತಾನು ಇಲ್ಲಿಯೇ ಉಳಿಯುತ್ತೇನೆ, ಇನ್ನು ಮುಂದೆ ಯಾತ್ರಿಕರಿಗೆ ಬೇಯಿಸಿ ಹಾಕುತ್ತ ಬಿದ್ದಿರುತ್ತೇನೆ, ಅಪ್ಪಣೆ ಕೊಡಬೇಕು ಎಂದಳು. ಸಾಯುವ ತನಕ ಬೇಡಿ ಉಣ್ಣಬೇಕೆಂದು ಬಂದವಳು ಬೇಯಿಸಿ ಹಾಕುತ್ತೇನೆ ಎನ್ನುವಷ್ಟು ಬದಲಾಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಸಂತೋಷಪಟ್ಟು ಆಶೀರ್ವಾದ ಮಾಡುತ್ತಿದ್ದರು. ಅಜ್ಜನವರು ಅವಳನ್ನು ಅಷ್ಟಕ್ಕೆ ಬಿಡಲಿಲ್ಲ.

“ಈ ಮಗಳ ಮನಿಗೆ ಬುತ್ತಿ ಮುಟ್ಟಿತು. ಇನ್ನೊಬ್ಬ ಮಗಳ ಮನಿ ಹೋಗೂ ದಾರ್ಯಾಗ ಐತಲ್ಲ.”

ದುಂಡವ್ವನ ಮುಖ ಬಿಳಿಚಿಕೊಂಡಿತು. “ಅಲ್ಲಿ ನನ್ನ ಕೈ ತುತ್ತು ಯಾರು ಉಣ್ತಾರ್ರಿ ಅಜ್ಜಾರ?”

“ಉಣ್ಣೂದು ಬಿಡೂದು ಅವರಿಗೆ ಸೇರಿದ್ದು. ಒಯ್ಯೂದು ನಿನಗ ಸೇರಿದ್ದು.”

ಅಷ್ಟೇ ಹೇಳಿ ಅಜ್ಜನವರು ಎದ್ದರು.

ತಿರುಗಿ ಬರುವ ದಾರಿಯಲ್ಲಿ ಕೆಂಚರಹಾಳ ಎಂಬ ಊರು. ನೀಲವ್ವನನ್ನು ಕೊಟ್ಟ ಊರು ಅದೇ. ಶ್ರೀಶೈಲದಿಂದ ಬರುವ ಪರಿಷೆಯನ್ನು ಕರೆದು ಉಣಿಸುವುದು ಆ ಊರಿನವರ ಪದ್ಧತಿ. ಊರ ಮುಂದಿನ ಹನುಮಪ್ಪನ ಗುಡಿಯ ಬೇವಿನ ಮರಗಳ ಕೆಳಗೆ ಹಾಸು ಬಿಚ್ಚಿದರು. ಊರವರೂ ತಮ್ಮ ತಮ್ಮ ಮನೆಯ ಅಡಿಗೆ ತಂದು ಅದರ ಮೇಲಿಟ್ಟರು. ಅಂದು ನಸುಕಿನಲ್ಲಿಯೇ ದುಂಡವ್ವ ಹಿಂದಿನ ಊರಿನಲ್ಲಿ ಬೇಡಿ ತಂದ ಹಾಲಿನ ಕೆನೆಮೊಸರು, ಅಕ್ಕಿ, ಒಂದು ಹೊಸ ಮಣ್ಣಿನ ಗಡಿಗೆ ಜೋಡಿಸಿಕೊಂಡಿದ್ದಳು. ಏನು ಮಾಡುತ್ತೀ ಎಂದು ಸಂಕವ್ವ ಕೇಳಿದಾಗ ಮೊಸರು ಬುತ್ತಿ ಎಂದಳು. ಬೇರೆ ಏನಾದರೂ ಮಾಡಬಾರದೆ ಎಂದು ಸಂಕವ್ವ ಹೆದರಿ ಹೇಳಿದಳು. ಒಯ್ಯುವುದಾದರೆ ಅದನ್ನೇ ಒಯ್ಯಬೇಕು, ಬೇರೆ ಒಯ್ದರೆ ಬಚ್ಚಿಟ್ಟಂತೆ ಆಗುತ್ತದೆ ಎಂದಳು ದುಂಡವ್ವ.

ಗಡಿಗೆಯನ್ನು ಹಾಸಿನ ಮೇಲಿಟ್ಟು ಅವಳು ದೂರ ಹೋಗಿ ಕೂರಲಿಲ್ಲ. ಪಕ್ಕದಲ್ಲೇ ನಿಂತಳು. ಅವಳ ಗುರುತು ಹಿಡಿದ ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಕೈಯೂ ಆ ಗಡಿಗೆಯ ಕಡೆ ಬರಲಿಲ್ಲ. ಹೆಂಗಸರ ಗುಂಪಿನಲ್ಲಿ ನೀಲವ್ವ ಮಗಳ ಕೈ ಹಿಡಿದು ನಿಂತಿದ್ದಳು. ತಾಯಿಯನ್ನು ನೋಡಿದೊಡನೆ ಓಡಿ ಬರಬೇಕೆಂದು ಅವಳ ಜೀವ ಹಾರಿತು, ಆದರೆ ಮಾವನವರು ಎದುರಿಗೇ ಇದ್ದರು. ಹೆಂಡತಿಯನ್ನು ಕಳೆದುಕೊಂಡವರು ಅವರು. ಅವರನ್ನು ದಾಟಿ ಹೋಗುವ ಹಕ್ಕು ತನಗಿಲ್ಲ ಎಂದು ಅವಳು ತಡೆದು ನಿಂತಳು.

ಆ ಮಾವನವರು ಸಿದ್ರಾಮಪ್ಪ. ಮಾತು ಕಡಿಮೆಯ ಮನುಷ್ಯರು. ಹೆಂಡತಿ ತೀರಿದ ಮೇಲೆ ಇನ್ನೂ ಕಡಿಮೆ ಮಾಡಿದ್ದರು. ಅವರು ಮೆಲ್ಲಗೆ ಬಂದು ಆ ಗಡಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಮುತ್ತುಗದೆಲೆಯನ್ನು ಮುಂದೆ ಸರಿಸಿದರು. ದುಂಡವ್ವ ಅಜ್ಜನವರ ಕಡೆ ನೋಡಿದಳು. ಅಜ್ಜನವರು ಬೇರೆ ಎಲ್ಲೋ ನೋಡುತ್ತಿದ್ದರು. ಅವಳು ಬಗ್ಗಿ ನೀಡಿದಳು. ಸಿದ್ರಾಮಪ್ಪನವರು ಒಂದೊಂದೇ ತುತ್ತು ಉಂಡರು. ಎಲೆ ಬರಿದಾಯಿತು. ಅವರು ಏಳಲಿಲ್ಲ.

“ಬೀಗತ್ಯಾರ,” ಎಂದರು. ಅವಳನ್ನು ಹಾಗೆ ಕರೆದು ವರ್ಷಗಳಾಗಿದ್ದವು. “ಅವತ್ತು ನಮ್ಮಾಕಿ ಇದನ್ನ ಎರಡನೇ ಸಲ ನೀಡಿಸಿಕೊಂಡಿದ್ಲು. ಭಾಳ ರುಚಿ ಆಗೇತಿ ಅಂತ ನನಗೂ ಹೇಳಿದ್ಲು. ಅಕಿ ಸಂತೋಷದಿಂದ ಉಂಡಿದ್ಲು ಅನ್ನೂದನ್ನ ನಿಮಗ ಹೇಳಬೇಕಂತ ಆವಾಗಿಂದ ಕಾಯಾಕತ್ತಿದ್ದೆ. ನೀವು ಬರಲೇ ಇಲ್ಲ.”

ಹಾಗೆ ಹೇಳಿ ಎಲೆಯನ್ನು ಮತ್ತೊಮ್ಮೆ ಮುಂದೆ ಸರಿಸಿದರು.

“ನನಗೂ ಎರಡನೇ ಸಲ ನೀಡ್ರಿ.”

ದುಂಡವ್ವ ಎಲೆ ನೋಡದೆ ಅವರ ಮುಖ ನೋಡುತ್ತ ನೀಡಿದಳು, ಬುತ್ತಿ ಅರ್ಧ ಎಲೆಯ ಮೇಲೆ, ಅರ್ಧ ಹಾಸಿನ ಮೇಲೆ ಬಿತ್ತು. ಅಜ್ಜನವರು ಪಕ್ಕಕ್ಕೆ ಬಂದು ಕೂತು ಹಾಸಿನ ಮೇಲೆ ಬಿದ್ದದ್ದನ್ನು ಬಳಿದುಕೊಂಡು ಬಾಯಿಗೆ ಹಾಕಿಕೊಂಡರು. ಆ ಹೊತ್ತಿಗೆ ನೀಲವ್ವ ಬಂದು ತಾಯಿಯನ್ನು ತಬ್ಬಿಕೊಂಡಿದ್ದಳು. ಕುಬಸದ ದಿನ ತಾನು ಬುತ್ತಿ ಮುಟ್ಟಿರಲಿಲ್ಲ, ತನ್ನ ಪಾಲು ಇನ್ನೂ ಬಾಕಿ ಇದೆ ಎಂದು ಅಳುತ್ತಲೇ ಜಗಳ ತೆಗೆದಳು. ದುಂಡವ್ವ ಮೊದಲ ತುತ್ತನ್ನು ಮಗಳ ಬಾಯಿಗಿಟ್ಟಳು, ಎರಡನೆಯದನ್ನು ತಾನು ಆ ತನಕ ಕಾಣದಿದ್ದ ಮೊಮ್ಮಗಳ ಬಾಯಿಗೆ. ಮಗು ಮೊಸರು ಮೆತ್ತಿದ ಮುಖದಲ್ಲಿ ಯಾರಿವಳೆಂದು ನೋಡುತ್ತ ಮತ್ತೆ ಬಾಯಿ ತೆರೆಯಿತು. ಗಡಿಗೆ ಬರಿದಾದಾಗ ಕೈ ನೆಕ್ಕಿಕೊಂಡವರಲ್ಲಿ ಅರ್ಧ ಊರೇ ಇತ್ತು.

ಮುಂದೆ ದುಂಡವ್ವ ಕಾಲಿನಲ್ಲಿ ಶಕ್ತಿ ಇರುವ ತನಕ ಪ್ರತಿ ವರ್ಷ ಪರಿಷೆಯ ಕೊನೆಯಲ್ಲಿ ಅಜ್ಜನವರ ಜೊತೆ ನಡೆದಳು. ಸಂಜೆ ಅಜ್ಜನವರು ತಿಕ್ಕಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಒಳಗೆ ನೋಡಿದ ಹೊರತು ಒಲೆ ಹಚ್ಚುತ್ತಿರಲಿಲ್ಲ. ಕಲಾಯಿ ಸವೆದದ್ದು ಕಂಡರೆ ಅಜ್ಜಾರನ್ನೂ ಬಿಡದೆ ಗದರುತ್ತಿದ್ದಳು. ಅಜ್ಜನವರು ತಪ್ಪಾಯಿತು ತಾಯಿ ಎಂದು ಕೈ ಮುಗಿಯುತ್ತಿದ್ದರು. ಮಾತಿನಲ್ಲಿ ಕಡಿಮೆ, ಊಟದಲ್ಲಿ ಕಡಿಮೆ, ಕೃತಜ್ಞತೆಯಲ್ಲಿ ಮಾತ್ರ ಎಂದೂ ಕಡಿಮೆ ಮಾಡದ ಆ ಮಹಾತ್ಮರ ಜೊತೆ ಒಂದೇ ಹಾಸಿನಲ್ಲಿ ಉಂಡವರ ಪುಣ್ಯವನ್ನು ಏನೆಂದು ಹೇಳಲಿ.

ಇದನ್ನು ನನಗೆ ಹೇಳಿದವರು ದುಂಡವ್ವನ ಮಗಳು ನೀಲವ್ವನವರು. ಈಗ ಅವರೂ ಮುಪ್ಪಿನವರಾಗಿದ್ದಾರೆ. ಪರಿಷೆಯಲ್ಲಿ ಹಾಸು ಬಿಚ್ಚಿದಾಗ ಇಂದಿಗೂ ಅದರ ಒಂದು ಮೂಲೆಯಲ್ಲಿ ಮೊದಲು ಒಂದು ಹಿಡಿ ಹಸಿ ಜೋಳ ಇಡುತ್ತಾರೆ. ದೂರ ಕೂತವರು ಯಾರಾದರೂ ಇದ್ದಾರೆಯೇ ಎಂದು ಆಗ ಎಲ್ಲರೂ ಒಮ್ಮೆ ಸುತ್ತ ನೋಡುತ್ತಾರೆ. ಸಂಜೆ ಆ ಜೋಳ ನುಚ್ಚಾಗಿ ಗಡಿಗೆಗೆ ಬೀಳುತ್ತದೆ. ಅದರ ಮೊದಲ ಬಟ್ಟಲು, ದಿನದ ದಾರಿಯಲ್ಲಿ ಎಲ್ಲರಿಗಿಂತ ಕೊನೆಗೆ ಬಂದವರಿಗೆ.